ನಾಗವಲ್ಲಿಗೆ ಚಿಂಚೋಳಿಯ ತೆಲುಗು ಬಾರದು

ಇತ್ತೀಚೆಗೆ ದೆವ್ವದ ಸಿನಿಮಾಗಳ ಬಗ್ಗೆ ಬರೆಯುವವರೆಲ್ಲ 'ಆಪ್ತಮಿತ್ರ'ದ ನಾಗವಲ್ಲಿಯನ್ನು ಸ್ತ್ರೀವಾದಿ ಮಾಡಿಬಿಟ್ಟಿದ್ದಾರೆ. ರಾಜ ಕೊಂದ ನರ್ತಕಿ ತಿರುಗಿ ಬಂದಳು, ಸೇಡು ತೀರಿಸಿಕೊಂಡಳು, ಹೆಣ್ಣಿಗೆ ನ್ಯಾಯ ಸಿಕ್ಕಿತು ಎಂಬುದು ವಾದ. ಸೇಡಂ, ವಾಡಿ, ಶಹಾಬಾದಿನ ಪರದೆಗಳ ಮುಂದೆ ಕೂತು ಸಿನಿಮಾ ಬಗ್ಗೆ ಬರೆಯುತ್ತ ತಲೆ ನರೆತ ನನಗೆ ಈ ಮಾತು ಗಂಟಲಿಗೆ ಇಳಿಯುವುದಿಲ್ಲ. ಲೈಂಗಿಕ ಕಾರ್ಯಕರ್ತೆಯನ್ನು ಭಯದ ಚಿತ್ರಗಳು ನಡೆಸಿಕೊಂಡ ಬಗೆಯನ್ನು ಮೊದಲಿನಿಂದ ನೋಡಿದರೆ ನ್ಯಾಯ ಎಂಬ ಪದ ಅಷ್ಟು ಸಲೀಸಾಗಿ ಬಾಯಿಗೆ ಬರಲಾರದು.

ಹುಟ್ಟಿನಿಂದಲೇ ಈ ಪ್ರಕಾರಕ್ಕೆ ಅವಳು ಬೇಕಾಗಿದ್ದಳು, ಸಾಯುವುದಕ್ಕೆ. 1886ರಲ್ಲಿ ಸ್ಟೀವನ್ಸನ್ ಬರೆದ ಜೆಕಿಲ್-ಹೈಡ್ ಕಥೆಯಲ್ಲಿ ಐವಿ ಎಂಬ ಹೆಣ್ಣೇ ಇಲ್ಲ. 1931ರಲ್ಲಿ ಮಮೂಲಿಯನ್ ಅದನ್ನು ಸಿನಿಮಾ ಮಾಡುವಾಗ ಹೈಡ್ ಹಿಂಸಿಸಿ ಕೊಲ್ಲುವುದಕ್ಕೆಂದು ಅವಳು ಸೇರಿಕೊಂಡಳು. 1941ರ ಹೊತ್ತಿಗೆ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಗಿತ್ತು. ಐವಿ ಪಾನಗೃಹದ ಪರಿಚಾರಿಕೆಯಾದಳು. ಕೆಲಸ ಬದಲಾಯಿತು, ಸಾವು ಬದಲಾಗಲಿಲ್ಲ. ಪಾಬ್ಸ್ಟ್‌ನ 'ಪಂಡೋರಾಸ್ ಬಾಕ್ಸ್' (1929) ಲುಲುವನ್ನು ಲಂಡನ್ನಿನ ಜ್ಯಾಕ್ ದ ರಿಪ್ಪರ್ ಕೈಗೆ ಕೊಟ್ಟು ಮುಗಿಯುತ್ತದೆ. ಮೈಕೆಲ್ ಪವೆಲ್‌ನ 'ಪೀಪಿಂಗ್ ಟಾಮ್' (1960) ವೇಶ್ಯೆಯೊಬ್ಬಳ ಕೊಲೆಯಿಂದ ಶುರುವಾಗುತ್ತದೆ, ಅದೂ ಕೊಲೆಗಾರನ ಕ್ಯಾಮೆರಾದ ಕಣ್ಣಿನಿಂದ. ಆಮೇಲೆ ಬಂದವರು ಆ ಕ್ಯಾಮೆರಾವನ್ನು ಇಟ್ಟುಕೊಂಡರು, ಪವೆಲ್‌ಗಿದ್ದ ಅಳುಕನ್ನು ಬಿಟ್ಟರು.

ನಮ್ಮ ಪ್ರಾಯದವರಿಗೆ ಇವೆಲ್ಲ ಸಿಕ್ಕಿದ್ದು ತಡವಾಗಿ. ನಮ್ಮ ಪಾಲಿಗೆ ಬಂದವರು ರಾಮ್ಸೆ ಸೋದರರು. ಬಾಡಿಗೆಗೆ ತಂದ ವಿಸಿಆರ್, ಊರ ನಡುವೆ ಕಟ್ಟಿದ ಬಿಳಿ ಪರದೆ, 'ವೀರಾನಾ' (1988). ರಾತ್ರಿ ಗಂಡಸರನ್ನು ಮೋಹಿಸಿ ಕರೆದೊಯ್ದು ಕೊಲ್ಲುವ ಚೆಲುವೆ ಅದರಲ್ಲಿದ್ದಾಳೆ. ಚಿತ್ರ ಅವಳನ್ನು ವೇಶ್ಯೆ ಎನ್ನುವುದಿಲ್ಲ, ಹಾಗೆ ತೋರಿಸುತ್ತದೆ ಅಷ್ಟೆ. ರಾಮ್ಸೆಗಳನ್ನು ಹೀಯಾಳಿಸುವುದು ಈಗ ಫ್ಯಾಶನ್. ಆದರೆ ಹೆಣ್ಣಿನ ಹಿಂದೆ ಹೋಗುವ ಗಂಡಸಿನ ಪುಕ್ಕಲುತನವನ್ನು ಅವರಷ್ಟು ಬಿಚ್ಚಿಟ್ಟವರು ಕಡಿಮೆ.

ಕನ್ನಡದ ದಾರಿ ಬೇರೆ. 'ನಾ ನಿನ್ನ ಬಿಡಲಾರೆ' (1979) ಚಿತ್ರದಲ್ಲಿ ಅನಂತನಾಗ್ ಮೈಮೇಲೆ ಬರುವ ಹೆಣ್ಣುದೆವ್ವವನ್ನು ಬಿಡಿಸಲು ಮಂತ್ರಾಲಯದ ರಾಯರೇ ಬೇಕಾಯಿತು. ಪಕ್ಕದ ಗಾಣಗಾಪುರದಲ್ಲಿ ಗಾಳಿ ಬಿಡಿಸುವುದನ್ನು ಕಂಡು ಬೆಳೆದ ನಮಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಇತ್ತ ಪುಟ್ಟಣ್ಣ ಕಣಗಾಲ್ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 'ಗೆಜ್ಜೆ ಪೂಜೆ' (1969) ಮಾಡಿದರು, ಕೊನೆಗೆ 'ಮಸಣದ ಹೂವು' (1985) ಚಿತ್ರದಲ್ಲಿ ವೇಶ್ಯಾವಾಟಿಕೆಯ ಒಳಗೇ ಹೋದರು. ಅವು ದೆವ್ವದ ಚಿತ್ರಗಳಲ್ಲ. ಆದರೂ 'ಮಸಣದ ಹೂವು' ಹುಟ್ಟಿಸುವ ಹೆದರಿಕೆಯನ್ನು ನಮ್ಮ ಯಾವ ದೆವ್ವದ ಚಿತ್ರವೂ ಹುಟ್ಟಿಸಿಲ್ಲ.

ಇನ್ನು 'ಆಪ್ತಮಿತ್ರ' (2004). ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡ ಕೆಲವೇ ತಿಂಗಳಿಗೆ ತೆರೆಕಂಡ ಚಿತ್ರ. ಅವರ ಕಣ್ಣು ನೋಡಿ ಟಾಕೀಸಿಗೆ ಟಾಕೀಸೇ ಉಸಿರು ಬಿಗಿಹಿಡಿದಿತ್ತು. ಆ ನಟನೆಗೆ ನಾನು ಈಗಲೂ ತಲೆಬಾಗುತ್ತೇನೆ. ತಕರಾರು ಕಥೆಯದ್ದು. ರಾಜ ಮೋಹಿಸಿ ತಂದಿಟ್ಟುಕೊಂಡ ನಾಗವಲ್ಲಿ ಕಥೆಯಲ್ಲಿ ನಿಜಕ್ಕೂ ಬರುವುದೇ ಇಲ್ಲ. ಬರುವುದು ಗಂಗಾ ಎಂಬ ಗೃಹಿಣಿಯ ಮನೋರೋಗ. ಸೇಡು ತೀರುವುದು ಬೊಂಬೆಯ ಮೇಲೆ, ಅದನ್ನು ಏರ್ಪಾಟು ಮಾಡುವವರು ಡಾಕ್ಟರು ಮತ್ತು ಆಚಾರ್ಯರು. ರೋಗ ವಾಸಿಯಾದ ಹೆಂಡತಿ ಗಂಡನ ಮನೆಗೆ ಹೋಗುತ್ತಾಳೆ, ನರ್ತಕಿ ಎಲ್ಲಿಯೂ ಹೋಗುವುದಿಲ್ಲ. ಇದನ್ನೇ ನ್ಯಾಯ ಎಂದು ಓದಬೇಕಂತೆ.

ಮೂಲವಾದ 'ಮಣಿಚಿತ್ರತ್ತಾಳ್' (1993) ಚಿತ್ರದ ನಾಗವಲ್ಲಿ ತಂಜಾವೂರಿನವಳು, ಮಲಯಾಳಿಗಳ ಮನೆಯಲ್ಲಿ ತಮಿಳು ಆಡುತ್ತಾಳೆ. ಕನ್ನಡದಲ್ಲಿ ತೆಲುಗು, ತಮಿಳಿನ 'ಚಂದ್ರಮುಖಿ'ಯಲ್ಲೂ (2005) ತೆಲುಗು, ಹಿಂದಿಯ 'ಭೂಲ್ ಭುಲೈಯಾ'ದಲ್ಲಿ (2007) ಬಂಗಾಳಿ. ಯಾರ ಮನೆಯಲ್ಲೂ ಅವಳು ಮನೆಯವರ ಭಾಷೆ ಆಡುವುದಿಲ್ಲ. ಬೆಂಗಳೂರಿನಲ್ಲಿ ಈ ಉಪಾಯ ನಡೆದಿರಬಹುದು. ತೆಲಂಗಾಣದ ಗಡಿಗಂಟಿದ ಚಿಂಚೋಳಿಯಲ್ಲಿ ತೆಲುಗು ಸಂತೆಯ ಭಾಷೆ, ಬೀಗರ ಭಾಷೆ. 'ಇಕಿ ಮಾತು ತಿಳೀತದಲ್ಲೋ, ಅಂಜಿಕಿ ಯಾಕ ಬರ್ಬೇಕು' ಎಂದು ಗೆಳೆಯನೊಬ್ಬ ಟಾಕೀಸಿನಲ್ಲೇ ಕೇಳಿದ್ದ. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. 'ಆಪ್ತರಕ್ಷಕ' (2010) ವಿಷ್ಣುವರ್ಧನ್ ಅವರ ಕೊನೆಯ ಚಿತ್ರ ಎಂಬುದಕ್ಕೆ ನೆನಪಿನಲ್ಲಿದೆ, ನಾಗವಲ್ಲಿಯ ಬಗ್ಗೆ ಅದು ಹೇಳಿದ್ದಕ್ಕಲ್ಲ. ನಿಜವಾದ ಮೈಸೂರು ಅರಮನೆಯಲ್ಲಿ ಕುಣಿದ ಕೆ. ವೆಂಕಟಲಕ್ಷಮ್ಮ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು, ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿ 1992ರಲ್ಲಿ ಪದ್ಮಭೂಷಣ ಪಡೆದವರು. ತಾಂಡಾಗಳೇ ತುಂಬಿರುವ ನಮ್ಮ ತಾಲ್ಲೂಕಿನಲ್ಲೂ ಆ ಹೆಸರಿಗಿಂತ ನಾಗವಲ್ಲಿಯ ಹೆಸರೇ ಹೆಚ್ಚು ಜನಕ್ಕೆ ಗೊತ್ತು.

ಮುಂದಿನ ಹೆಜ್ಜೆ ಇಟ್ಟದ್ದು ಹಿಂದಿ, ಅದೂ ನಮ್ಮ ಸರಕಿನಿಂದ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದು ಹೆಣ್ಣುದೆವ್ವವನ್ನು ಹಿಂದೆ ಕಳಿಸುತ್ತಿದ್ದರಲ್ಲ, ಅದನ್ನು 'ಸ್ತ್ರೀ' (2018) ಚಂದೇರಿಗೆ ಒಯ್ದಿತು. ಅಲ್ಲಿ ದೆವ್ವ ಊರವರು ಕೊಂದ ವೇಶ್ಯೆ, ಊರನ್ನು ಉಳಿಸಬೇಕಾದವನು ವೇಶ್ಯೆಯ ಮಗ. ನಗಿಸುತ್ತಲೇ ಅದು ತಪ್ಪನ್ನು ಊರಿನ ಮೇಲೆ ಹೊರಿಸಿತು. ಗೋಡೆ ಬರಹ ನಮ್ಮದಾಗಿಯೂ ಈ ಕಥೆ ನಮಗೆ ಹೊಳೆಯಲಿಲ್ಲ. ಇರಾನಿನ ಸರಣಿ ಕೊಲೆಗಳ ಮೇಲಿನ 'ಹೋಲಿ ಸ್ಪೈಡರ್' (2022) ಇನ್ನೂ ನೇರ: ಕೊಲೆಗಾರನನ್ನು ಹೀರೊ ಎನ್ನುವ ನೆರೆಹೊರೆಯೇ ಅಲ್ಲಿ ಭೂತ.

ನಮ್ಮಲ್ಲಿ ಖಾಲಿ ಉಳಿದ ಜಾಗ ದೊಡ್ಡದು. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅದಾದ ಮೇಲೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯ ಸರ್ಕಾರ ಗುರುತಿಸಿದ ದೇವದಾಸಿಯರು 46,660. ಹೆಚ್ಚಿನವರು ಉತ್ತರದ ಜಿಲ್ಲೆಗಳವರು. ಇವರ ಬೀದಿಗಳಿಂದ ಮುಂಬೈ, ಪುಣೆಯ ಕೋಠಿಗಳಿಗೆ ಹೋದ ಹುಡುಗಿಯರ ಬಗ್ಗೆ ವರದಿಗಳಿವೆ, ಸಾಕ್ಷ್ಯಚಿತ್ರಗಳಿವೆ, ಭಯದ ಚಿತ್ರ ಒಂದೂ ಇಲ್ಲ. ನಮ್ಮ ದೆವ್ವಕ್ಕೆ ಅರಮನೆ, ವೀಣೆ, ರೇಷ್ಮೆ ಸೀರೆ ಬೇಕು. ಗಿರಾಕಿಯ ಲಾರಿ ಹತ್ತುವಾಗ ಎದೆ ಡವಗುಟ್ಟುವ ಹೆಣ್ಣು ಬೇಡ. ಅವಳನ್ನು ಕಂಡು ಗಂಡಸರು ಹೆದರುವ ಚಿತ್ರಗಳು ಸಾಕಷ್ಟು ಬಂದಿವೆ, ಅವಳು ಹೆದರುವುದನ್ನು ಅವಳ ಕಡೆಯಿಂದ ತೋರಿಸಿದ್ದು ಬರಬೇಕಷ್ಟೆ. ಬಂಡವಾಳವಿಲ್ಲ ಎನ್ನುವವರು '6-5=2' (2013) ನೋಡಲಿ. ದೊಡ್ಡ ತಾರೆಯರಿಲ್ಲದೆ, ಕೈಕ್ಯಾಮೆರಾ ಹಿಡಿದು ಕಾಡಿಗೆ ಹೋದವರ ಚಿತ್ರ ಅದು, ಚೆನ್ನಾಗಿಯೇ ಓಡಿತು.