ಹಿಮದ ಅಂಗಳಕ್ಕೆ ಬಿದ್ದ ಬೀಗ

2005ನೆಯ ಇಸವಿಯ ಫೆಬ್ರವರಿ 16ರಂದು ನ್ಯಾಷನಲ್ ಹಾಕಿ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ನ್ಯೂಯಾರ್ಕ್ ನಗರದಲ್ಲಿ ಪತ್ರಿಕಾಪ್ರತಿನಿಧಿಗಳ ಮುಂದೆ ನಿಂತು, ಆ ವರ್ಷದ ಪಂದ್ಯಾವಳಿಯನ್ನು ಸಂಪೂರ್ಣವಾಗಿ ರದ್ದುಪಡಿಸಲಾಗಿದೆಯೆಂದು ಸಾರಿದಾಗ, ಉತ್ತರ ಅಮೆರಿಕದ ಪ್ರಮುಖ ವೃತ್ತಿಪರ ಕ್ರೀಡೆಗಳ ಚರಿತ್ರೆಯಲ್ಲಿ ಅದುವರೆಗೆ ಘಟಿಸದಿದ್ದ ಒಂದು ಸಂಗತಿ ಘಟಿಸಿತು. ಮಾಲೀಕರಿಗೂ ಆಟಗಾರರಿಗೂ ನಡುವಣ ವೇತನಕಲಹದ ದೆಸೆಯಿಂದ 1,230 ಪಂದ್ಯಗಳ ಒಂದು ಇಡೀ ಋತುವು, ಅದರಲ್ಲಿ ಒಂದೂ ನಡೆಯದೆ, ಮಣ್ಣುಗೂಡಿತು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ದಾನವಿತ್ತ, ಚಾಂಪಿಯನ್ ತಂಡಕ್ಕೆ ಸಲ್ಲುವ ಬೆಳ್ಳಿಯ ಬಟ್ಟಲಿಗೆ ಆ ವರ್ಷ ಒಡೆಯರೇ ಇಲ್ಲವಾದರು. ಹಿಂದೊಮ್ಮೆ, 1919ರಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿಯು ಆಟಗಾರರನ್ನು ಹಾಸಿಗೆ ಹಿಡಿಸಿದ್ದರಿಂದ ಬಟ್ಟಲು ಯಾರಿಗೂ ಸಲ್ಲದೆ ಉಳಿದಿತ್ತು. ಮಹಾಮಾರಿ ಮಾಡಿದ್ದನ್ನು ಈ ಸಲ ಲೆಕ್ಕಪತ್ರಗಳು ಮಾಡಿದುವು.

ಇಲ್ಲಿ ಹೇಳುತ್ತಿರುವುದು ಹುಲ್ಲಿನ ಮೇಲೆ ಆಡುವ ನಮ್ಮ ಹಾಕಿಯ ಮಾತಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗುಗಳನ್ನು ಕಟ್ಟಿಕೊಂಡು, ಚೆಂಡಿಗೆ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಅಟ್ಟುತ್ತ ಆಡುವ ಐಸ್ ಹಾಕಿಯದು. ಆ ಆಟದ ಸೊಬಗನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ಅದನ್ನು ಕಸುಬಾಗಿ ಮಾಡಿಕೊಂಡವರು ತಮ್ಮ ಒಡೆಯರೊಡನೆ ನಡೆಸಿದ ವ್ಯಾಜ್ಯಗಳ ಕಥೆ ಆಟಕ್ಕಿಂತ ಕಡಮೆ ಸ್ವಾರಸ್ಯದ್ದಲ್ಲ. ಆ ಕಥೆಯನ್ನು ಓದುತ್ತ ಹೋದಂತೆ ನನಗೆ ದೃಢವಾಗಿ ತೋರಿದುದು ಇಷ್ಟು: ಆಟಗಾರನ ಬಲವು ಅವನ ತೋಳಿನಲ್ಲಾಗಲಿ, ಸಂಘದ ನಿರ್ಣಯಗಳಲ್ಲಾಗಲಿ ಇದ್ದುದಕ್ಕಿಂತ ಹೆಚ್ಚಾಗಿ, ಈ ಅಂಗಳ ಮುಚ್ಚಿದರೆ ಕಾಲಿಡಲು ಮತ್ತೊಂದು ಅಂಗಳವುಂಟೆ ಎಂಬ ಪ್ರಶ್ನೆಗೆ ದೊರೆಯುತ್ತಿದ್ದ ಉತ್ತರದಲ್ಲಿತ್ತು.

1925ರಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕೆನಡಾದ ಹ್ಯಾಮಿಲ್ಟನ್ ಎಂಬ ಕಾರ್ಖಾನೆಗಳ ಊರಿನ ಟೈಗರ್ಸ್ ತಂಡವು ಆ ವರ್ಷ ಲೀಗಿನಲ್ಲಿ ಮೊದಲ ಸ್ಥಾನ ಗಳಿಸಿತ್ತು. ಋತುವಿನ ಪಂದ್ಯಗಳನ್ನು ಒಡೆಯರು 24ರಿಂದ 30ಕ್ಕೆ ಏರಿಸಿದ್ದರು, ವೇತನವನ್ನು ಏರಿಸಿರಲಿಲ್ಲ. ಹೆಚ್ಚಿನ ದುಡಿಮೆಗೆ ತಲಾ 200 ಡಾಲರ್ ಕೊಟ್ಟಲ್ಲದೆ ನಿರ್ಣಾಯಕ ಪಂದ್ಯಗಳನ್ನು ಆಡೆವೆಂದು ಆಟಗಾರರು ಹಟ ಹಿಡಿದರು. ಲೀಗಿನ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಆಟಗಾರರೊಡನೆ ಚರ್ಚೆಗೆ ಇಳಿಯುವ ಗೋಜಿಗೇ ಹೋಗಲಿಲ್ಲ. ತಂಡವನ್ನು ಅಮಾನತಿನಲ್ಲಿಟ್ಟು, ಬೇಡಿದ 200 ಡಾಲರನ್ನೇ ದಂಡವಾಗಿ ವಿಧಿಸಿದನು. ಮುಂದೆ ಆ ಆಟಗಾರರ ಕರಾರುಗಳೆಲ್ಲವನ್ನೂ ನ್ಯೂಯಾರ್ಕಿನ ಬಿಲ್ ಡ್ವಯರ್ ಎಂಬಾತನು 75,000 ಡಾಲರಿಗೆ ಕೊಂಡುಕೊಂಡನು. ಪಾನನಿರೋಧದ ಆ ಕಾಲದಲ್ಲಿ ಕಳ್ಳಮದ್ಯದಿಂದ ಹಣ ಮಾಡಿದವನೆಂದು ಪ್ರಸಿದ್ಧನಾಗಿದ್ದ ಈತನು ಒಡೆಯರ ಕೂಟಕ್ಕೆ ಸೇರಲು ಅರ್ಹನಾದನು; ನ್ಯಾಯವಾದ ಕೂಲಿಯನ್ನು ಕೇಳಿದವರು ಅಪರಾಧಿಗಳಾದರು. ಹ್ಯಾಮಿಲ್ಟನ್ ನಗರಕ್ಕಂತೂ ಆ ಲೀಗಿನ ತಂಡ ಮರಳಿ ಬರಲೇ ಇಲ್ಲ.

ಮೂವತ್ತೆರಡು ವರ್ಷಗಳ ತರುವಾಯ ಡೆಟ್ರಾಯ್ಟ್ ತಂಡದ ಟೆಡ್ ಲಿಂಡ್ಸೆ, ಮಾಂಟ್ರಿಯಾಲಿನ ಡಗ್ ಹಾರ್ವಿ ಮೊದಲಾದವರನ್ನು ಜೊತೆಗೂಡಿಸಿಕೊಂಡು, ಆಟಗಾರರ ಸಂಘವೊಂದನ್ನು ಕಟ್ಟಲು ಹೊರಟನು. ಅವರು ಮುಖ್ಯವಾಗಿ ಕೇಳಿದುದು ತಮ್ಮ ಪಿಂಚಣಿ ನಿಧಿಯ ಲೆಕ್ಕವನ್ನು ತೋರಿಸಿರೆಂದು. ಆ ಋತುವಿನಲ್ಲಿ ಲಿಂಡ್ಸೆ ತನ್ನ ಜೀವಮಾನದಲ್ಲೇ ಅತ್ಯಧಿಕವಾದ 85 ಅಂಕಗಳನ್ನು ಗಳಿಸಿದ್ದನು. ಆದರೂ 1957ರ ಜುಲೈ ತಿಂಗಳಿನಲ್ಲಿ ಅವನನ್ನು, ಪಟ್ಟಿಯ ತಳದಲ್ಲಿ ತೆವಳುತ್ತಿದ್ದ ಷಿಕಾಗೋ ತಂಡಕ್ಕೆ ಸಾಗಹಾಕಲಾಯಿತು. ಆಗ ಇದ್ದುದು ಆರೇ ತಂಡಗಳು. ಒಮ್ಮೆ ಒಂದು ತಂಡದ ಕರಾರಿಗೆ ಸಹಿ ಹಾಕಿದವನು ಆ ತಂಡದವರು ಬಿಟ್ಟುಕೊಡುವವರೆಗೆ ಅವರ ಸ್ವತ್ತು. ಆರು ಮಂದಿ ಒಡೆಯರು ಒಂದು ಮೇಜಿನ ಸುತ್ತ ಕುಳಿತು ಒಮ್ಮತಕ್ಕೆ ಬಂದರೆಂದರೆ, ಲೋಕದಲ್ಲಿ ಆ ಕಸುಬಿನಿಂದ ಹಿರಿಯ ಸಂಬಳ ಪಡೆಯುವ ಬೇರೆ ಸ್ಥಳವೇ ಇಲ್ಲವಾಗುತ್ತಿತ್ತು. ಸಂಘವು ಕೆಲವೇ ತಿಂಗಳುಗಳಲ್ಲಿ ಮುರಿದುಬಿತ್ತು.

ಬಾಗಿಲು ಮೊದಲು ತೆರೆದುದು 1972ರಲ್ಲಿ. ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಪ್ರತಿಸ್ಪರ್ಧಿ ಲೀಗೊಂದು ಹುಟ್ಟಿ, ತನ್ನ ವಿನ್ನಿಪೆಗ್ ತಂಡವನ್ನು ಸೇರಿದ ಬಾಬಿ ಹಲ್ ಎಂಬ ಮಹಾನ್ ಆಟಗಾರನಿಗೆ ಸಹಿಯ ಕಾಣಿಕೆಯೆಂದೇ ಹತ್ತು ಲಕ್ಷ ಡಾಲರ್ ತೆತ್ತಿತು. ಆಟಗಾರನನ್ನು ಬಿಡದೆ ಹಿಡಿದಿಡುವ ಹಳೆಯ ನಿಯಮವನ್ನು ಅದೇ ವರ್ಷ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಲಯವು ತಡೆಹಿಡಿಯಿತು. ಅದಕ್ಕಿಂತ ದೂರಗಾಮಿಯಾದುದು ಇನ್ನೊಂದು. ಹೊಸ ಲೀಗಿಗೆ ಸಾಕಷ್ಟು ಆಟಗಾರರಿಲ್ಲದ್ದರಿಂದ, ಅದರವರು ಅಟ್ಲಾಂಟಿಕ್ ಸಾಗರದಾಚೆಗೆ ಕಣ್ಣು ಹಾಯಿಸಿ, 1974ರಲ್ಲಿ ಆಂಡರ್ಸ್ ಹೆಡ್‌ಬರ್ಗ್, ಉಲ್ಫ್ ನಿಲ್ಸನ್ ಎಂಬ ಸ್ವೀಡನ್ನಿನ ಇಬ್ಬರನ್ನು ಕರೆತಂದು ಹಲ್‌ನ ಜೊತೆಯಲ್ಲಿ ನಿಲ್ಲಿಸಿದರು. ಹಳೆಯ ಲೀಗಿನ ಟೊರಾಂಟೊ ತಂಡವು ಬೋರ್ಯೆ ಸಾಲ್ಮಿಂಗನನ್ನು ಹಿಂದಿನ ವರ್ಷವೇ ತಂದಿತ್ತು. 1989ರಲ್ಲಿ ಸೋವಿಯೆತ್ ರಾಷ್ಟ್ರದ ಗೋಡೆಯೂ ಬಿರುಕುಬಿಟ್ಟು, ಫೆಟಿಸೊವ್, ಲರಿಯೊನೊವ್, ಮಕರೊವ್ ಮುಂತಾದ ಆಟಗಾರರು ಉತ್ತರ ಅಮೆರಿಕಕ್ಕೆ ಬಂದರು. ಹೀಗೆ ಐರೋಪ್ಯರು ಪಶ್ಚಿಮಾಭಿಮುಖವಾಗಿ ಬಂದು ನೆಲಸಿದ ಹಾದಿಯೇ ಬೀಗ ಬಿದ್ದ ಕಾಲದಲ್ಲಿ ಪೂರ್ವಾಭಿಮುಖವಾದ ನಿರ್ಗಮನದ ಹಾದಿಯಾಗಿ ಪರಿಣಮಿಸಿತು.

ಮುಷ್ಕರಕ್ಕೂ ಬೀಗಮುದ್ರೆಗೂ ಇರುವ ಭೇದವನ್ನು ಇಲ್ಲಿ ಮರೆಯಬಾರದು. 1992ರ ಏಪ್ರಿಲಿನಲ್ಲಿ ಹತ್ತು ದಿನ ನಡೆದುದು ಆಟಗಾರರು ಹೂಡಿದ ಮುಷ್ಕರ. ಋತುವಿನ ಉತ್ತಮ ಗಳಿಕೆಯ ಕಾಲಕ್ಕೆ ಸರಿಯಾಗಿ ಹೂಡಿದ್ದರಿಂದ ಅದು ಫಲಿಸಿತು. ಆ ಪೆಟ್ಟಿನಿಂದ ಪಾಠ ಕಲಿತ ಒಡೆಯರು ಮುಂದೆ ಆಟಗಾರರಿಗೆ ಅಂಥ ಮುಹೂರ್ತವನ್ನು ಆರಿಸಿಕೊಳ್ಳುವ ಅವಕಾಶವನ್ನೇ ಕೊಡದೆ, ಋತುವಿನ ಆರಂಭದಲ್ಲೇ ತಾವಾಗಿ ಬೀಗ ಜಡಿಯತೊಡಗಿದರು. 1994ರಲ್ಲಿ ಮೂರು ತಿಂಗಳಿಗೂ ಮೀರಿ ಅಂಗಳ ಮುಚ್ಚಿತ್ತು. ಲೀಗಿನ ಪ್ರಸಿದ್ಧ ಆಟಗಾರ ವೇನ್ ಗ್ರೆಟ್ಸ್‌ಕಿ ತನ್ನ ಸ್ನೇಹಿತರ ತಂಡವೊಂದನ್ನು ಕಟ್ಟಿಕೊಂಡು ಫಿನ್ಲೆಂಡ್, ಸ್ವೀಡನ್ ಮೊದಲಾದೆಡೆಗಳಲ್ಲಿ ಪ್ರದರ್ಶನ ಪಂದ್ಯಗಳನ್ನಾಡಿ ಬಂದನು; ಟೀಮು ಸೆಲಾನೆ, ಯಾರಿ ಕುರ್ರಿ ಇಬ್ಬರೂ ಹೆಲ್ಸಿಂಕಿಯ ಯೋಕೆರಿತ್ ತಂಡಕ್ಕೆ ಹಿಂದಿರುಗಿದರು. ಅದು ಮುಂದೆ ಬರಲಿದ್ದುದರ ಪೂರ್ವರಂಗ ಮಾತ್ರ.

2004ರ ಸೆಪ್ಟೆಂಬರ್ 16ರಂದು ಬೀಗ ಮತ್ತೆ ಬಿದ್ದಿತು. ಒಡೆಯರು ನೇಮಿಸಿದ್ದ ಆರ್ಥರ್ ಲೆವಿಟ್‌ರ ವರದಿಯು 2002-03ರ ಋತುವಿನಲ್ಲಿ ಲೀಗಿನ ತಂಡಗಳಿಗೆ ಒಟ್ಟು 27 ಕೋಟಿ 30 ಲಕ್ಷ ಡಾಲರ್ ನಷ್ಟವಾಗಿದೆಯೆಂದೂ, ವರಮಾನದ ಶೇಕಡ 75ರಷ್ಟು ಆಟಗಾರರ ಪಾಲಾಗುತ್ತಿದೆಯೆಂದೂ ಹೇಳಿತು. ಒಡೆಯರ ಹಣದಿಂದ ನಡೆದ ಲೆಕ್ಕಶೋಧನೆಯನ್ನು ಆಟಗಾರರು ನಂಬಲಿಲ್ಲ. ನಂಬಬೇಕೆಂದು ಯಾವ ನ್ಯಾಯವೂ ಹೇಳುವುದಿಲ್ಲ. ಆದರೆ ವಿವಾದದ ತಿರುಳು ನಷ್ಟದ ಮೊತ್ತವಲ್ಲ, ತಂಡವೊಂದು ವೇತನಕ್ಕೆಂದು ವೆಚ್ಚಮಾಡಬಹುದಾದ ಹಣಕ್ಕೆ ಮೇಲ್ಮಿತಿಯನ್ನು ಹಾಕಬೇಕೆ ಎಂಬುದು. ಲಿಂಡ್ಸೆಯ ಕಾಲದ ಬಳಿಕ ಹೊಸದಾಗಿ ಕಟ್ಟಿಕೊಂಡಿದ್ದ ಆಟಗಾರರ ಸಂಘದ ಮುಖಂಡನಾದ ಬಾಬ್ ಗುಡೆನೋ ಡಿಸೆಂಬರಿನಲ್ಲಿ, ಎಲ್ಲರ ವೇತನದಲ್ಲೂ ಶೇಕಡ 24ರಷ್ಟು ಕಡಿತಕ್ಕೆ ಸಿದ್ಧವೆಂದನು. ಮಿತಿಯನ್ನು ಮಾತ್ರ ಒಲ್ಲೆನೆಂದನು. ಒಡೆಯರ ಪಕ್ಷಕ್ಕೋ ಮಿತಿಯೇ ಬೇಕಾಗಿತ್ತು. ಕಟ್ಟಕಡೆಗೆ ಫೆಬ್ರವರಿಯಲ್ಲಿ ಸಂಘವು ಮಿತಿಯ ತತ್ತ್ವಕ್ಕೂ ತಲೆಬಾಗಿ ತಂಡವೊಂದಕ್ಕೆ 4 ಕೋಟಿ 90 ಲಕ್ಷ ಡಾಲರ್ ಎಂದಿತು. ಲೀಗು 4 ಕೋಟಿ 25 ಲಕ್ಷವೆಂದಿತು. ಆ ಅಂತರದ ಕಂದಕದಲ್ಲಿ ಒಂದು ಋತುವೇ ಮುಳುಗಿತು.

ಈ ನಡುವೆ ಲೀಗಿನ 388 ಮಂದಿ ಆಟಗಾರರು ಯೂರೋಪಿನ ನಾನಾ ದೇಶಗಳಲ್ಲಿ ಆಡುತ್ತಿದ್ದರು. ಇದನ್ನು ವಲಸೆಯೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಲ್ಲ. ಅವರಲ್ಲಿ ಬಹುಮಂದಿ ಹೋದದ್ದು ತಮ್ಮ ಮನೆಗೆ. ಸ್ವೀಡನ್ನಿನ ಉತ್ತರದ ಕರಾವಳಿಯಲ್ಲಿ ಅರ್ನ್‌ಷಲ್ಡ್ಸ್‌ವಿಕ್ ಎಂಬ ಪುಟ್ಟ ಊರಿದೆ. 1973ರ ಜುಲೈ ತಿಂಗಳಿನಲ್ಲಿ ಹತ್ತು ದಿನಗಳ ಅಂತರದಲ್ಲಿ ಹುಟ್ಟಿದ ಪೀಟರ್ ಫೋರ್ಸ್‌ಬರ್ಗ್, ಮಾರ್ಕುಸ್ ನೆಸ್ಲುಂಡ್ ಇಬ್ಬರೂ, ಅವರ ಹಿಂದೆ ಬೆಳೆದ ಸೆಡಿನ್ ಅವಳಿ ಸೋದರರೂ ಆ ಊರಿನ ಮೋಡೊ ತಂಡದಲ್ಲಿ ಪಳಗಿದವರು. ಉತ್ತರ ಅಮೆರಿಕದಲ್ಲಿ ಕೀರ್ತಿಯನ್ನೂ ಧನವನ್ನೂ ಸಂಪಾದಿಸಿದ್ದ ಈ ನಾಲ್ವರೂ ಆ ಚಳಿಗಾಲ ಹಳೆಯ ಸಮವಸ್ತ್ರವನ್ನು ತೊಟ್ಟು ತಮ್ಮ ಊರಿನ ಜನದ ಮುಂದೆ ಒಟ್ಟಾಗಿ ನಿಂತರೆಂದರೆ, ಅದು ಒಡೆಯರ ಕೋಪವು ಆ ಊರಿಗೆ ಅರಿಯದೆ ಮಾಡಿದ ಉಪಕಾರವೆಂದೇ ಹೇಳಬೇಕು.

ಸ್ವಿಟ್ಸರ್‌ಲೆಂಡಿನ ದಾವೋಸ್‌ನ ಕಥೆ ಬೇರೆ. ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದ ಈ ಗಿರಿಪಟ್ಟಣವು ಹಿಂದೆ ಕ್ಷಯರೋಗಿಗಳ ಆರೋಗ್ಯಧಾಮಗಳಿಗಾಗಿ ಖ್ಯಾತವಾಗಿತ್ತು. ಮಹಾಯುದ್ಧದಲ್ಲಿ ಕಾದಾಡಿದ್ದ ನಾಡುಗಳ ತರುಣರು ಹಿಮದ ಮೇಲಾದರೂ ಸ್ನೇಹದಿಂದ ಕಲೆಯಲೆಂದು, ಅಲ್ಲಿನ ವೈದ್ಯ ಕಾರ್ಲ್ ಸ್ಪೆಂಗ್ಲರ್ 1923ರಲ್ಲಿ ಸ್ಥಾಪಿಸಿದ ಬಟ್ಟಲಿಗಾಗಿ ಇಂದಿಗೂ ಕ್ರಿಸ್‌ಮಸ್ಸಿನ ಮರುದಿನದಿಂದ ಪಂದ್ಯಗಳು ನಡೆಯುತ್ತವೆ. ಬಾಸ್ಟನ್ನಿನ ಜೋ ಥಾರ್ನ್‌ಟನ್, ಕೊಲಂಬಸ್ಸಿನ ರಿಕ್ ನ್ಯಾಷ್ ಎಂಬ ಕೆನಡಾದ ತರುಣರಿಬ್ಬರು ಅಲ್ಲಿಗೆ ಬಂದು, ಆರ್ನೊ ಡೆಲ್ ಕುರ್ಟೊ ಎಂಬ ಶಿಕ್ಷಕನ ಕೈಕೆಳಗೆ ಆಡಿ, ಸ್ಪೆಂಗ್ಲರ್ ಬಟ್ಟಲನ್ನೂ ಸ್ವಿಸ್ ಚಾಂಪಿಯನ್ ಪದವಿಯನ್ನೂ ತಂಡಕ್ಕೆ ಗಳಿಸಿಕೊಟ್ಟರು. ಥಾರ್ನ್‌ಟನ್ 40 ಪಂದ್ಯಗಳಲ್ಲಿ 54 ಅಂಕ ಗಳಿಸಿದನು. ಅವನು ತನ್ನ ಭಾವೀಪತ್ನಿಯನ್ನು ಕಂಡುದೂ ಅಲ್ಲಿಯೇ. ವೇತನಕಲಹಗಳ ಫಲಾಫಲಗಳನ್ನು ಎಣಿಸುವವರು ಇಂಥವನ್ನು ಯಾವ ಅಂಕಣದಲ್ಲಿ ಬರೆದುಕೊಳ್ಳುವರೋ ಕಾಣೆ.

ಇವೆರಡಕ್ಕೂ ತದ್ವಿರುದ್ಧವಾದುದು ರಷ್ಯದ ಕಜಾನ್. ವೋಲ್ಗಾ ತೀರದ ಆ ನಗರವು 2005ರಲ್ಲಿ ತನ್ನ ಸಹಸ್ರಮಾನೋತ್ಸವವನ್ನು ಆಚರಿಸಲಿತ್ತು. ಉತ್ಸವಕ್ಕೆ ಮೆರುಗಾಗಿ ಊರಿನ ಅಕ್ ಬಾರ್ಸ್ ತಂಡವು ಚಾಂಪಿಯನ್ ಆಗಲೇಬೇಕೆಂದು ಪ್ರಮುಖರು ಸಂಕಲ್ಪಿಸಿದರು. ಅದಕ್ಕೆ ಬೇಕಾದ ಹಣವು ತಾತ್‌ನೆಫ್ತ್ ಎಂಬ ತೈಲಸಂಸ್ಥೆಯ ಬೊಕ್ಕಸದಲ್ಲಿತ್ತು. ಹಿಂದಿನ ಬೇಸಗೆಯಲ್ಲಷ್ಟೇ ಟಾಂಪಾ ಬೇ ತಂಡಕ್ಕೆ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದಿತ್ತಿದ್ದ ಲೆಕಾವಲಿಯೆ, ಬ್ರ್ಯಾಡ್ ರಿಚರ್ಡ್ಸ್, ಗೋಲಿ ಖಬಿಬುಲಿನ್ ಮೂವರೂ ಬಂದರು. ಕೊವಾಲ್‌ಚುಕ್, ಕೊವಲ್ಯೊವ್, ಹೀಟ್ಲಿ ಮುಂತಾದವರೂ ಕೂಡಿಕೊಂಡರು. ವೇತನಕ್ಕೆ ಮಿತಿಯೆಂಬುದೇ ಇಲ್ಲದಿದ್ದರೆ ಏನಾಗಬಹುದೆಂದು ಬೆಟ್‌ಮನ್ನರು ಹೆದರಿಸುತ್ತಿದ್ದರೋ ಅದರ ಪ್ರತ್ಯಕ್ಷ ಪ್ರಯೋಗ ಅಲ್ಲಿ ನಡೆಯಿತೆನ್ನಬಹುದು. ಫಲವೇನೆಂದರೆ, ಆ ಮಹಾಸೇನೆಯು ಕ್ವಾರ್ಟರ್ ಫೈನಲಿನಲ್ಲೇ ಯಾರೊಸ್ಲಾವ್ಲ್ ತಂಡಕ್ಕೆ ಸೋತು ಹೊರಬಿದ್ದಿತು. ಮರುವರ್ಷ, ಅಮೆರಿಕದಿಂದ ಬಂದಿದ್ದವರು ಬಹುಪಾಲು ಹಿಂದಿರುಗಿದ ಮೇಲೆ, ಅಕ್ ಬಾರ್ಸ್ ನಿರಾಯಾಸವಾಗಿ ಚಾಂಪಿಯನ್ ಆಯಿತು.

ಇಷ್ಟಾದರೂ ಯೂರೋಪು ಆಟಗಾರರ ಸಂಘವನ್ನು ಉಳಿಸಲಿಲ್ಲ. ಬಾಗಿಲು ತೆರೆದಿತ್ತು ನಿಜ, ಆದರೆ ಅದು ಕಿರಿದು. ಏಳುನೂರಕ್ಕೂ ಮೀರಿದ ಸದಸ್ಯರ ಸಂಘದಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಆ ಬಾಗಿಲಿನಿಂದ ಪ್ರವೇಶ ದೊರೆಯಿತು. ಹೆಚ್ಚಿನ ತಂಡಗಳು ಕೊಡಬಲ್ಲ ವೇತನವು ಅಮೆರಿಕದ ಗಳಿಕೆಯ ಒಂದು ಅಲ್ಪಾಂಶ. ಪರದೇಶದಲ್ಲಿ ಮೂಳೆ ಮುರಿದರೆ ಮೂಲ ಕರಾರಿನ ಕೋಟಿಗಳೇ ಹೋಗಬಹುದೆಂಬ ಭಯದಿಂದ ವಿಮೆಯ ದುಬಾರಿ ಕಂತುಗಳನ್ನು ಕಟ್ಟಬೇಕಾಗುತ್ತಿತ್ತು. ಇದಕ್ಕಿಂತಲೂ ಕಹಿಯಾದ ಮಾತೊಂದುಂಟು. ಒಂದು ತಂಡದ ಬೆಂಚಿನ ಮೇಲೆ ಕೂರಬಲ್ಲವರ ಸಂಖ್ಯೆಗೆ ಒಂದು ಎಲ್ಲೆಯಿದೆ. ಬಂದ ಪ್ರತಿಯೊಬ್ಬ ತಾರೆಗೂ ಎಡೆಮಾಡಿಕೊಡಲು ಸ್ಥಳೀಯನೊಬ್ಬನು, ಕೋಟಿಗಳ ಕನಸನ್ನೂ ಕಾಣದೆ ಆ ಕಸುಬಿನಿಂದಲೇ ಸಂಸಾರ ತೂಗಿಸುತ್ತಿದ್ದವನು, ಎದ್ದು ಹೋಗಬೇಕಾಯಿತು. ತನ್ನ ಒಡೆಯನ ಅನ್ಯಾಯವನ್ನು ಪ್ರತಿಭಟಿಸಿ ಹೊರಟ ಕಾರ್ಮಿಕನು ಇನ್ನೊಬ್ಬ ಕಾರ್ಮಿಕನ ಅನ್ನಕ್ಕೆ ಅಡ್ಡಿಯಾದನು. ಸಂಘಗಳ ಘೋಷಣೆಗಳಲ್ಲಿ ಈ ಮಾತು ಬರುವುದಿಲ್ಲ. ಬಾರದಿರುವುದು ಆಶ್ಚರ್ಯವೂ ಅಲ್ಲ.

2005ರ ಜುಲೈಯಲ್ಲಿ ಒಪ್ಪಂದವಾಯಿತು. ಮಿತಿ ಬಂದಿತು, ಅದೂ 3 ಕೋಟಿ 90 ಲಕ್ಷಕ್ಕೆ. ಫೆಬ್ರವರಿಯಲ್ಲಿ ತಿರಸ್ಕರಿಸಿದ್ದಕ್ಕಿಂತ ಕೆಳಗೆ. ಶೇಕಡ 24ರ ಕಡಿತವೂ ಉಳಿಯಿತು. ಗುಡೆನೋ ಅದೇ ತಿಂಗಳು ಪದತ್ಯಾಗ ಮಾಡಿದನು. ಆಟಗಾರರಿಗೆ ನೆರವಾಗದ ಯೂರೋಪು ವಿಚಿತ್ರವಾದ ರೀತಿಯಲ್ಲಿ ಆಟಕ್ಕೆ ನೆರವಾಯಿತೆನ್ನಬೇಕು: ಅಂಗಳದ ನಡುಗೆರೆಯನ್ನು ದಾಟಿಸಿ ದೂರಕ್ಕೆ ಪಕ್ಕನ್ನು ಕಳುಹಿಸುವುದಕ್ಕೆ ಇದ್ದ ನಿಷೇಧವನ್ನು ಲೀಗು ಆ ಶರತ್ಕಾಲದಲ್ಲಿ ತೆಗೆದುಹಾಕಿತು, ಸಮನಾದ ಪಂದ್ಯಗಳನ್ನು ಒಬ್ಬೊಬ್ಬರ ಹೊಡೆತದಿಂದ ತೀರ್ಮಾನಿಸುವ ಪದ್ಧತಿಯನ್ನು ತಂದಿತು, ಎರಡೂ ಅಂತಾರಾಷ್ಟ್ರೀಯ ಆಟದಲ್ಲಿ ಮೊದಲೇ ರೂಢಿಯಲ್ಲಿದ್ದುವು.

2012ರಲ್ಲಿ ಮತ್ತೊಮ್ಮೆ ಬೀಗ ಬಿದ್ದಾಗ ಯೂರೋಪಿನವರು ಎಚ್ಚತ್ತಿದ್ದರು. ರಷ್ಯದ ಹೊಸ ಲೀಗು ತಂಡವೊಂದಕ್ಕೆ ಇಂತಿಷ್ಟೇ ಮಂದಿಯೆಂದು ಕಟ್ಟುಮಾಡಿತು. ಸ್ವೀಡನ್ನಿನ ಲೀಗಂತೂ ಅಲ್ಪಕಾಲದ ಅತಿಥಿಗಳು ಬೇಡವೆಂದಿತು, ಆದರೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರವು ಆ ನಿರ್ಬಂಧ ಸಲ್ಲದೆಂದು ತೆಗೆಸಿತು.

ಮೂರು ಬೀಗಮುದ್ರೆಗಳಲ್ಲೂ ಒಂದೇ ಊರಿಗೆ ಹೋದ ಆಟಗಾರನೊಬ್ಬನಿದ್ದಾನೆ: ಯಾರೊಮಿರ್ ಯಾಗರ್. ಪ್ರಾಗ್ ನಗರದ ಬಳಿಯ ಕ್ಲಾದ್ನೊ ಎಂಬ ಉಕ್ಕಿನ ಊರು ಅವನದು. 1994ರಲ್ಲಿ ಅವನು ಅಲ್ಲಿಗೆ ಮರಳಿದ ತರುಣ ತಾರೆ. 2004ರಲ್ಲಿ ಕೆಲಕಾಲ ಅಲ್ಲಿ ಆಡಿ ಬಳಿಕ ಸೈಬೀರಿಯದ ಓಮ್ಸ್ಕ್‌ಗೆ ಹೋದನು. 2012ರ ವೇಳೆಗೆ ಕ್ಲಾದ್ನೊ ತಂಡದ ಒಡೆತನವೇ ತಂದೆಯಿಂದ ಅವನ ಕೈಗೆ ಬಂದಿತ್ತು. ಅಮೆರಿಕದಲ್ಲಿ ಒಡೆಯರು ಹೊರಗಟ್ಟಿದ ಕಾರ್ಮಿಕನು ಕ್ಲಾದ್ನೊದಲ್ಲಿ ತಾನೇ ಒಡೆಯನಾಗಿ, ತನ್ನಂತೆ ಹೊರಬಿದ್ದ ಪ್ಲೆಕಾನೆಟ್ಸ್, ಝಿಡ್ಲಿಟ್ಸ್‌ಕಿ ಮೊದಲಾದ ದೇಶಬಾಂಧವರಿಗೆ ತನ್ನ ಅಂಗಳದಲ್ಲಿ ಸ್ಥಾನವಿತ್ತನು. 2013ರ ಜನವರಿಯಲ್ಲಿ ಬೀಗ ತೆರೆಯಿತು. ಯಾಗರ್ ಡಲ್ಲಾಸ್‌ಗೆ ಹೋದನು, ಉಳಿದವರೂ ತಮ್ಮ ತಮ್ಮ ತಂಡಗಳಿಗೆ ಹೊರಟುಹೋದರು. 2014ರಲ್ಲಿ ಕ್ಲಾದ್ನೊ ತಂಡವು ಸೋತು ಎರಡನೆಯ ದರ್ಜೆಗೆ ಇಳಿಯಿತು.