ಕಟ್ಟುಮರದ ವೇಗ: ‘ಎನ್ಜಾ’ ಎಂಬ ಹಾಯಿನೌಕೆಯ ಕಥೆ

‘ಕೆಟಮರಾನ್’ ಎಂಬ ಇಂಗ್ಲಿಷ್ ಪದವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಅದು ತಮಿಳಿನ ‘ಕಟ್ಟುಮರಂ’. ಕಟ್ಟಿದ ಮರ ಎಂಬ ಅರ್ಥ ಕನ್ನಡದ ಕಿವಿಗೂ ತಾನಾಗಿಯೇ ಹೊಳೆಯುತ್ತದೆ. ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಕೋರಮಂಡಲ ಕರಾವಳಿಯ ಈ ಮರದ ತೆಪ್ಪಗಳ ಬಗ್ಗೆ ಬರೆದು, ಪದವನ್ನು ತನ್ನ ದೇಶದ ಓದುಗರಿಗೆ ಪರಿಚಯಿಸಿದನು. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಇಂದು ಜಗತ್ತು ಕೆಟಮರಾನ್ ಎಂದು ಕರೆಯುವುದು ಆ ತೆಪ್ಪವನ್ನಲ್ಲ. ಎರಡು ಕಿರಿದಾದ ಒಡಲುಗಳನ್ನು ದೂರದೂರ ಇರಿಸಿ ಅಡ್ಡತೊಲೆಗಳಿಂದ ಜೋಡಿಸಿದ ನೌಕೆಯನ್ನು. ಆ ವಿದ್ಯೆ ಪೆಸಿಫಿಕ್ ಸಾಗರದ ಪಾಲಿನೇಷಿಯನ್ ಜನರದು. ಹೆಸರು ನಮ್ಮ ದಕ್ಷಿಣದ್ದು, ವಸ್ತು ಅವರದು. ಚರಿತ್ರೆಯಲ್ಲಿ ಇಂಥ ಬೀಗತನಗಳು ಎಷ್ಟೋ ಇವೆ.

ಪಾಶ್ಚಾತ್ಯರು ಇದನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. 1876ರಲ್ಲಿ ನಥಾನಿಯಲ್ ಹೆರೆಶಾಫ್ ಎಂಬ ಅಮೆರಿಕದ ಶಿಲ್ಪಿ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ನೌಕೆ ಕಟ್ಟಿ, ನ್ಯೂಯಾರ್ಕಿನ ಪಂದ್ಯದಲ್ಲಿ ದೊಡ್ಡ ದೊಡ್ಡ ಹಾಯಿನೌಕೆಗಳನ್ನೆಲ್ಲ ಹಿಂದಿಕ್ಕಿದನು. ಸೋತವರು ಆಕ್ಷೇಪವೆತ್ತಿದರು, ಗೆದ್ದವನು ಅನರ್ಹನಾದನು. ಈ ಪಂದ್ಯದ ನಂತರ ಸುಮಾರು ಒಂದು ಶತಮಾನ ಈ ಜಾತಿಯ ನೌಕೆಗಳು ದೊಡ್ಡ ಪಂದ್ಯಗಳ ಪಂಕ್ತಿಯಿಂದ ಹೊರಗೇ ಉಳಿದವು ಎನ್ನಬಹುದು.

ಅದು ಏಕೆ ಅಷ್ಟು ವೇಗವಾಗಿ ಓಡುತ್ತದೆ? ನನ್ನಲ್ಲಿ ಪಾಠ ಕೇಳಿದವರು ಗುರುತ್ವಕೇಂದ್ರದ ಅಧ್ಯಾಯವನ್ನು ನೆನಪಿಸಿಕೊಳ್ಳಬೇಕು. ಓಡುವ ಬಸ್ಸಿನಲ್ಲಿ ನಿಂತವನು ಬೀಳದಿರಲು ಕಾಲುಗಳನ್ನು ಅಗಲಿಸುತ್ತಾನೆ. ಸಾಮಾನ್ಯ ಹಾಯಿನೌಕೆಗೆ ಒಂದೇ ಕಾಲು. ಗಾಳಿಗೆ ಮಗುಚದಿರಲೆಂದು ತಳದಲ್ಲಿ ಟನ್ನುಗಟ್ಟಲೆ ಸೀಸವನ್ನೋ ಕಬ್ಬಿಣವನ್ನೋ ಹೊತ್ತಿರುತ್ತದೆ. ಆ ಭಾರವನ್ನು ಸಾಗರದುದ್ದಕ್ಕೂ ಎಳೆಯಬೇಕು. ಜೋಡಿ ಒಡಲಿನದಕ್ಕೆ ಆ ಭಾರ ಬೇಡ, ಅಗಲವೇ ಅದರ ಆಧಾರ. ಮತ್ತೊಂದು ಕಾರಣವಿದೆ. ದಪ್ಪ ಒಡಲು ನೀರನ್ನು ತಳ್ಳುತ್ತ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಬೀಳುತ್ತದೆ. ಅದರ ಉದ್ದಕ್ಕೆ ತಕ್ಕ ಮಿತಿಯನ್ನು ಅದು ದಾಟಲಾರದು. ಚಾಕುವಿನಂತೆ ತೆಳುವಾದ ಒಡಲಿಗೆ ಈ ಮಿತಿ ಅಷ್ಟಾಗಿ ತಟ್ಟುವುದಿಲ್ಲ.

ಇಷ್ಟು ಲಾಭಕ್ಕೆ ತೆರಬೇಕಾದ ಬೆಲೆಯೂ ದೊಡ್ಡದೇ. ತಳದಲ್ಲಿ ಭಾರವಿರುವ ನೌಕೆ ಮಗುಚಿದರೂ ಸಾಮಾನ್ಯವಾಗಿ ಮತ್ತೆ ಏಳುತ್ತದೆ. ಕೆಟಮರಾನ್ ಹಾಗಲ್ಲ, ತಲೆಕೆಳಗಾದ ಮೇಲೂ ಅದು ಅಷ್ಟೇ ಸ್ಥಿರವಾಗಿ, ತಲೆಕೆಳಗಾಗಿಯೇ ಉಳಿಯುತ್ತದೆ. ಪಕ್ಕಕ್ಕೆ ಮಗುಚುವುದಕ್ಕಿಂತ ಭಯಂಕರವಾದದ್ದು ಮುಗ್ಗರಿಸುವುದು. ಅಲೆಯ ಇಳಿಜಾರಿನಲ್ಲಿ ಜಾರುತ್ತ ಮುಂದಿನ ಅಲೆಯೊಳಗೆ ಮೂತಿ ಹೂತು, ಹಿಂಭಾಗ ಮೇಲೆದ್ದು ಪಲ್ಟಿ ಹೊಡೆಯುವುದು. ಹಾಗಾಗಿ ಇವುಗಳ ಚರಿತ್ರೆ ಓದುವಾಗ ನನಗೆ ಅನಿಸುವುದಿಷ್ಟು: ವೇಗವನ್ನು ಶಿಲ್ಪಿಗಳು ಬೇಗನೆ ಸಾಧಿಸಿದರು, ವೇಗವನ್ನು ತಗ್ಗಿಸುವುದು ಮಾತ್ರ ನಾವಿಕರ ಪಾಲಿಗೆ ಉಳಿದ ವಿದ್ಯೆಯಾಯಿತು.

ನಾನು ಹೇಳಹೊರಟ ನೌಕೆ 1983ರಲ್ಲಿ ಕೆನಡಾದಲ್ಲಿ ‘ಫಾರ್ಮ್ಯೂಲ್ ಟ್ಯಾಗ್’ ಎಂಬ ಹೆಸರಿನಿಂದ ಹುಟ್ಟಿತು. ವಿನ್ಯಾಸ ಬ್ರಿಟಿಷ್ ಶಿಲ್ಪಿ ನೈಜೆಲ್ ಐರೆನ್ಸ್ ಅವರದು, ನಾಯಕತ್ವ ಮೈಕ್ ಬರ್ಚ್ ಅವರದು. ಉದ್ದ 80 ಅಡಿ. ಮರವಲ್ಲ, ಲೋಹವಲ್ಲ, ಗುಂಡುನಿರೋಧಕ ಅಂಗಿಗಳಲ್ಲಿ ಬಳಸುವ ಕೆವ್ಲಾರ್ ನಾರಿನ ಒಡಲು. 1984ರಲ್ಲಿ ಇದು 24 ಗಂಟೆಗಳಲ್ಲಿ 512 ನಾಟಿಕಲ್ ಮೈಲಿ, ಅಂದರೆ ಸುಮಾರು 950 ಕಿಲೋಮೀಟರ್ ಕ್ರಮಿಸಿತು. ಹಾಯಿಯ ಬಲದಿಂದ ಒಂದು ದಿನದಲ್ಲಿ 500 ಮೈಲಿ ದಾಟಿದ ಮೊದಲ ನೌಕೆ ಇದೇ.

ಮುಂದೆ ಇದನ್ನು ನ್ಯೂಜಿಲೆಂಡಿನ ಪೀಟರ್ ಬ್ಲೇಕ್ ಮತ್ತು ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಜೊತೆಗೂಡಿ ನಡೆಸಿದರು. ನ್ಯೂಜಿಲೆಂಡಿನ ಸೇಬು ರಫ್ತಿನ ಬ್ರ್ಯಾಂಡ್ ‘ಎನ್ಜಾ’ ಪ್ರಾಯೋಜಕತ್ವ ವಹಿಸಿದ್ದರಿಂದ ನೌಕೆಗೂ ಅದೇ ಹೆಸರು ಬಂತು. ಸೇಬಿನ ಹೆಸರು ಹೊತ್ತು ಭೂಪ್ರದಕ್ಷಿಣೆಗೆ ಹೊರಟ ಹಡಗು ಎಂದರೆ ಮಕ್ಕಳು ನಕ್ಕಾರು!

ನಾಕ್ಸ್-ಜಾನ್‌ಸ್ಟನ್ ಅವರ ಹೆಸರು ಬಂದಲ್ಲಿ ನಮ್ಮ ಮುಂಬಯಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟು, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿ, ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗರು ಅವರು. ಅವರ ‘ಸುಹೈಲಿ’ ಎಂಬ 32 ಅಡಿಯ ದೋಣಿ ಕಟ್ಟಲ್ಪಟ್ಟದ್ದು ಮುಂಬಯಿಯಲ್ಲಿ, ತೇಗದ ಮರದಲ್ಲಿ, ನಮ್ಮ ಬಡಗಿಗಳ ಕೈಯಲ್ಲಿ. 312 ದಿನಗಳ ಆ ಯಾನದ ಸರಾಸರಿ ವೇಗ ನಾಲ್ಕು ನಾಟ್, ಅಂದರೆ ಗಂಟೆಗೆ ಸುಮಾರು ಏಳೂವರೆ ಕಿಲೋಮೀಟರ್. ನಮ್ಮೂರಿನ ಸೈಕಲ್ಲಿಗಿಂತ ನಿಧಾನ.

ಅದೇ ಮನುಷ್ಯ ಕಾಲು ಶತಮಾನದ ಬಳಿಕ ‘80 ದಿನ’ಗಳೊಳಗೆ ಭೂಮಿ ಸುತ್ತಲು ಹೊರಟರು. ಜೂಲ್ಸ್ ವರ್ನ್‌ನ ಕಾದಂಬರಿಯಿಂದ ಪ್ರೇರಿತವಾದ ‘ಜೂಲ್ಸ್ ವರ್ನ್ ಟ್ರೋಫಿ’ಯ ನಿಯಮ ಸರಳ. ಫ್ರಾನ್ಸಿನ ಉಶಾಂತ್ ದ್ವೀಪಕ್ಕೂ ಇಂಗ್ಲೆಂಡಿನ ಲಿಜರ್ಡ್ ಭೂಶಿರಕ್ಕೂ ನಡುವಿನ ರೇಖೆಯಿಂದ ಹೊರಟು, ಗುಡ್ ಹೋಪ್, ಲ್ಯೂವಿನ್ ಮತ್ತು ಹಾರ್ನ್ ಭೂಶಿರಗಳನ್ನು ಎಡಕ್ಕೆ ಬಿಟ್ಟು, ಎಲ್ಲಿಯೂ ನಿಲ್ಲದೆ ಮರಳಬೇಕು. 1993ರ ಮೊದಲ ಪ್ರಯತ್ನದಲ್ಲಿ ಎನ್ಜಾ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅರೆಮುಳುಗಿದ್ದ ಏನಕ್ಕೋ ಬಡಿದು, ಒಡಲು ತೂತಾಗಿ ಕೇಪ್‌ಟೌನ್ ಸೇರಬೇಕಾಯಿತು. ಫ್ರಾನ್ಸಿನ ಬ್ರೂನೊ ಪೆಯ್ರೊನ್ ತಮ್ಮ ‘ಕಮಡೋರ್ ಎಕ್ಸ್‌ಪ್ಲೋರರ್’ ಕೆಟಮರಾನಿನಲ್ಲಿ 79 ದಿನ 6 ಗಂಟೆಗಳಲ್ಲಿ ಗುರಿ ಮುಟ್ಟಿದರು. ಎಂಬತ್ತು ದಿನಗಳ ಗಡಿ ಮುರಿದದ್ದು ಹದಿನೆಂಟೇ ಗಂಟೆಗಳ ಅಂತರದಿಂದ.

ಬ್ಲೇಕ್ ಮತ್ತು ನಾಕ್ಸ್-ಜಾನ್‌ಸ್ಟನ್ ಬಿಡಲಿಲ್ಲ. ನೌಕೆಯನ್ನು ಮೊದಲೇ 85 ಅಡಿಗೆ ಹಿಗ್ಗಿಸಿದ್ದರು. ಈಗ ಮತ್ತೆ ಕತ್ತರಿಸಿ ಜೋಡಿಸಿ 92 ಅಡಿ ಮಾಡಿದರು. ಉದ್ದವಾದ ಮೂತಿ ಅಲೆಯಲ್ಲಿ ಬೇಗ ಹೂತುಹೋಗುವುದಿಲ್ಲ, ಅದಕ್ಕಾಗಿ. 1994ರ ಜನವರಿ 16ರಂದು ಎಂಟು ಮಂದಿ ಹೊರಟರು. ಅದೇ ದಿನ ಒಲಿವಿಯೆ ದ ಕೆರ್ಸೋಸನ್ ಅವರ ಮೂರು ಒಡಲಿನ ಫ್ರೆಂಚ್ ನೌಕೆಯೂ ಹೊರಟಿತ್ತು. ದಕ್ಷಿಣ ಸಾಗರದಲ್ಲಿ ಇವರ ಹೆದರಿಕೆ ಗಾಳಿಗಿಂತ ಹೆಚ್ಚಾಗಿ ತಮ್ಮದೇ ನೌಕೆಯ ಓಟದ್ದು. ಹಿಂದಿನಿಂದ ಬರುವ ಬೆಟ್ಟದಂಥ ಅಲೆಗಳ ಮೇಲೆ ಅದು ಜಾರತೊಡಗಿದರೆ ತಡೆಯುವವರಾರು? ಸಾವಿರಾರು ಮೈಲಿ ದೂರದವರೆಗೆ ಸಹಾಯಕ್ಕೆ ಯಾರೂ ಇಲ್ಲ. ನಾಕ್ಸ್-ಜಾನ್‌ಸ್ಟನ್ ಅವರಿಗೆ ಐವತ್ತೈದು ತುಂಬಿದ್ದು ಈ ಯಾನದ ನಡುವೆಯೇ. ನಮ್ಮ ಇಲಾಖೆಯಲ್ಲಾದರೆ ಆ ವಯಸ್ಸಿನವರು ಪಿಂಚಣಿಯ ಲೆಕ್ಕ ಹಾಕುತ್ತಿರುತ್ತಾರೆ.

ಕೊನೆಯ ಹಂತ ಅತ್ಯಂತ ಕಠಿಣವಾಯಿತು. ಯೂರೋಪಿನ ದಂಡೆ ಸಮೀಪಿಸುತ್ತಿದ್ದಂತೆ ಬಿರುಗಾಳಿ ಎದ್ದಿತು. ಗುರಿ ಮುಂದೆ, ದಾಖಲೆ ಕೈಯಳತೆಯಲ್ಲಿ. ಅಂಥ ಹೊತ್ತಿನಲ್ಲಿ ಎಂಥವರಿಗೂ ಓಡಿಬಿಡೋಣ ಅನಿಸುತ್ತದೆ. ಇವರು ಮಾಡಿದ್ದು ಅದಕ್ಕೆ ವಿರುದ್ಧ. ಹಾಯಿ ತಗ್ಗಿಸಿದರೂ ಸಾಲದೆಂದು, ದಪ್ಪ ಹಗ್ಗಗಳನ್ನೂ ಸರಪಳಿಯನ್ನೂ ನೌಕೆಯ ಹಿಂದೆ ನೀರಿಗೆ ಇಳಿಬಿಟ್ಟು ಎಳೆದುಕೊಂಡು ಬಂದರು. ಓಡುವ ಗೂಳಿಯ ಹಗ್ಗ ಹಿಡಿದು ಜಗ್ಗುವಂತೆ! ಜಗತ್ತಿನ ಅತಿವೇಗದ ಪ್ರದಕ್ಷಿಣೆಯನ್ನು ಮುಗಿಸಲು ಹೊರಟವರು ಕೊನೆಯ ಮೈಲಿಗಳಲ್ಲಿ ಬ್ರೇಕ್ ಹಿಡಿದುಕೊಂಡೇ ಬಂದರು. ಏಪ್ರಿಲ್ 1ರಂದು ರೇಖೆ ದಾಟಿದಾಗ ಆಗಿದ್ದ ಕಾಲ 74 ದಿನ 22 ಗಂಟೆ 17 ನಿಮಿಷ 22 ಸೆಕೆಂಡು. ಸರಾಸರಿ ಸುಮಾರು 14.7 ನಾಟ್. ಕೆರ್ಸೋಸನ್ ಬಂದದ್ದು 77 ದಿನಗಳ ಬಳಿಕ. ಅವರೂ ಹಳೆಯ ದಾಖಲೆಯನ್ನು ಮುರಿದಿದ್ದರು, ಆದರೆ ಎರಡು ದಿನ ತಡವಾಗಿತ್ತು.

ಇದರೊಂದಿಗೆ ‘ಟೀಮ್ ಫಿಲಿಪ್ಸ್’ ಕಥೆಯನ್ನು ಇಟ್ಟು ನೋಡಬೇಕು. ಬ್ರಿಟನ್ನಿನ ಪೀಟ್ ಗಾಸ್ 120 ಅಡಿಯ ಮಹಾನೌಕೆಯನ್ನು ಹೊಚ್ಚಹೊಸ ಕಲ್ಪನೆಯಲ್ಲಿ ಕಟ್ಟಿಸಿದರು. ಅಲೆಯ ಮೇಲೇರದೆ ಅಲೆಯನ್ನು ಸೀಳಿಕೊಂಡು ಹೋಗುವ ಸೂಜಿಮೂತಿ, ಪ್ರತಿ ಒಡಲಿಗೂ ಒಂದೊಂದು ಕೂವೆಮರ. ರಾಣಿಯವರೇ ನಾಮಕರಣ ಮಾಡಿದರು. 2000ದ ಮಾರ್ಚ್‌ನಲ್ಲಿ, ಪರೀಕ್ಷಾ ಯಾನದಲ್ಲೇ, ಎಡ ಒಡಲಿನ ಮುಂಭಾಗ ಮುರಿದುಬಿತ್ತು. ದುರಸ್ತಿಯಾಗಿ ಮತ್ತೆ ಹೊರಟಿತು. ಅದೇ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ, ಏಳೂ ಮಂದಿ ಅದನ್ನು ತೊರೆದು ಜರ್ಮನ್ ಸರಕುಹಡಗೊಂದನ್ನು ಏರಿ ಜೀವ ಉಳಿಸಿಕೊಂಡರು. ಗಾಸ್ ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದೇ ಬಾರಿಗೆ ಎಲ್ಲವನ್ನೂ ಹೊಸದಾಗಿ ಮಾಡಹೊರಟದ್ದು ವಿವೇಕವೆಂದು ಅನಿಸುವುದಿಲ್ಲ. ಎನ್ಜಾ ಬೆಳೆದದ್ದು ಅಡಿ ಅಡಿಯಾಗಿ, ಪ್ರತಿ ಸೋಲಿನಿಂದ ಇಷ್ಟಿಷ್ಟು ಕಲಿತು.

ಬ್ಲೇಕ್ 2001ರ ಡಿಸೆಂಬರಿನಲ್ಲಿ ಅಮೆಜಾನ್ ನದಿಯ ಮುಖಜದಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದರು. ಪೆಯ್ರೊನ್ 2005ರಲ್ಲಿ ‘ಆರೆಂಜ್ 2’ ಕೆಟಮರಾನಿನಲ್ಲಿ ಟ್ರೋಫಿಯ ಅವಧಿಯನ್ನು 50 ದಿನ 16 ಗಂಟೆಗೆ ಇಳಿಸಿದರು. 2010ರಿಂದ ಈಚೆಗೆ ಆ ದಾಖಲೆ ಮೂರು ಒಡಲಿನ ನೌಕೆಗಳ ಕೈಯಲ್ಲಿದೆ, 41 ದಿನಗಳಿಗಿಂತಲೂ ಕೆಳಗಿಳಿದಿದೆ.

ಎನ್ಜಾ ಮಾತ್ರ ಹೆಸರು ಬದಲಿಸುತ್ತ ಬಾಳಿತು. 1998ರಲ್ಲಿ ‘ರಾಯಲ್ ಅಂಡ್ ಸನ್‌ಅಲಯನ್ಸ್’ ಎಂಬ ಹೆಸರಿನಲ್ಲಿ ಟ್ರೇಸಿ ಎಡ್ವರ್ಡ್ಸ್ ಮತ್ತು ಅವರ ಮಹಿಳಾ ತಂಡ ಅದೇ ಟ್ರೋಫಿಗೆ ಹೊರಟು, 43ನೆಯ ದಿನ ದಕ್ಷಿಣ ಸಾಗರದಲ್ಲಿ ಕೂವೆಮರ ಮುರಿದು, ಇದ್ದ ಅಲ್ಪ ಹಾಯಿಯಲ್ಲಿ ಚಿಲಿ ದೇಶದ ದಂಡೆ ಸೇರಿತು. ಆ ಬಳಿಕ ಟೋನಿ ಬುಲಿಮೋರ್ ಅದನ್ನು ಇನ್ನೂ ಹಿಗ್ಗಿಸಿ 100 ಅಡಿ ದಾಟಿಸಿದರು. 2000ದ ಕೊನೆಯ ದಿನ ಬಾರ್ಸಿಲೋನಾದಿಂದ ಹೊರಟ ‘ದಿ ರೇಸ್’ ಪಂದ್ಯದಲ್ಲಿ, ತನಗಿಂತ ಬಹಳ ಕಿರಿಯ ನೌಕೆಗಳ ಹಿಂದೆ, ಈ ಹದಿನೇಳು ವರ್ಷದ ಮುದುಕ ನೌಕೆಯೂ ಭೂಮಿಯನ್ನು ಸುತ್ತಿ ಮಾರ್ಸೇಲ್ ಬಂದರನ್ನು ತಲುಪಿತು.