ಪ್ಯಾರಾಮೆಡಿಕ್ ಎಂಬ ಏಣಿ ಕಟ್ಟಿದವರು

ನಮ್ಮ ಕಡೆ ‘ಪ್ಯಾರಾಮೆಡಿಕಲ್’ ಅಂದರೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದವರು ಸೇರುವ ಡಿಪ್ಲೊಮಾ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಹೀಗೆ ಹಲವು ಕೋರ್ಸುಗಳಿಗೆ ಒಂದೇ ಹೆಸರು. ಅಮೆರಿಕದಲ್ಲಿ ‘ಪ್ಯಾರಾಮೆಡಿಕ್’ ಎನ್ನುವ ಪದಕ್ಕೆ ಬೇರೆ ಅರ್ಥವಿದೆ. ಆಂಬುಲೆನ್ಸ್‌ನಲ್ಲಿ ಬಂದು, ರಸ್ತೆಯಲ್ಲೋ ಮನೆಯಲ್ಲೋ ಬಿದ್ದಿರುವ ರೋಗಿಗೆ ಅಲ್ಲೇ ಚಿಕಿತ್ಸೆ ಶುರು ಮಾಡುವವರು ಪ್ಯಾರಾಮೆಡಿಕ್. ಅವರು ಡಾಕ್ಟರಲ್ಲ. ಆದರೆ ಇಸಿಜಿ ಓದುತ್ತಾರೆ, ಉಸಿರು ನಿಂತವರ ಗಂಟಲೊಳಗೆ ನಳಿಕೆ ಇಳಿಸುತ್ತಾರೆ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುತ್ತಾರೆ, ಔಷಧ ಕೊಡುತ್ತಾರೆ.

ಈ ಕೆಲಸಕ್ಕೆ ಅಲ್ಲೀಗ ನಾಲ್ಕು ಮೆಟ್ಟಿಲಿನ ಏಣಿ ಇದೆ. ಆ ಏಣಿಯನ್ನು ಕಟ್ಟುವುದರಲ್ಲಿ ದೊಡ್ಡ ಪಾಲು ಒಂದು ಬಡ ಕೇರಿಯ ಕಪ್ಪು ಯುವಕರದು. ಕಟ್ಟಿ ಮುಗಿಯುವ ಹೊತ್ತಿಗೆ ಅವರನ್ನೇ ಕೆಳಗಿಳಿಸಲಾಯಿತು. ಅವರ ಕಥೆ ಇದು.

ಹೆಣದ ಗಾಡಿಯೇ ಆಂಬುಲೆನ್ಸ್

1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ಹೊರತಂದಿತು. ಹಿಂದಿನ ಒಂದೇ ವರ್ಷ, ಅಂದರೆ 1965ರಲ್ಲಿ, ಅಪಘಾತಗಳಿಂದ 1,07,000 ಜನ ಸತ್ತಿದ್ದರು. ಅದರಲ್ಲಿ 49,000 ಸಾವು ರಸ್ತೆಯಲ್ಲಿ. ಇಷ್ಟು ಜನರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದವರು ಯಾರು ಎಂದು ನೋಡಿದರೆ, ದೇಶದ ಅರ್ಧದಷ್ಟು ಆಂಬುಲೆನ್ಸ್ ಸೇವೆ ಶವಸಂಸ್ಕಾರದ ವ್ಯಾಪಾರಿಗಳ ಕೈಯಲ್ಲಿತ್ತು. ಕಾರಣ ಸರಳ. ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಬಳಿ. ಬದುಕಿದ್ದವರನ್ನೂ ಸತ್ತವರನ್ನೂ ಒಂದೇ ಗಾಡಿಯಲ್ಲಿ ಸಾಗಿಸುತ್ತಿದ್ದರು.

ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ಈ ಕೆಲಸ ಪೊಲೀಸರದು. ಕೈದಿಗಳನ್ನು ಒಯ್ಯುವ ವ್ಯಾನಿನಲ್ಲೇ ರೋಗಿಯನ್ನೂ ಹಾಕಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಚಿಕಿತ್ಸೆ ಎಂಬ ಮಾತೇ ಇಲ್ಲ. ಕಪ್ಪು ಜನರು ವಾಸಿಸುವ ಹಿಲ್ ಡಿಸ್ಟ್ರಿಕ್ಟ್‌ನಲ್ಲಂತೂ ಪೊಲೀಸರನ್ನು ಕರೆಯುವುದಕ್ಕೇ ಜನ ಹಿಂಜರಿಯುತ್ತಿದ್ದರು. ಕರೆದರೂ ಗಾಡಿ ಬೇಗ ಬರುತ್ತದೆಂಬ ಭರವಸೆ ಇರಲಿಲ್ಲ.

1966ರ ನವೆಂಬರ್‌ನಲ್ಲಿ ಅದೇ ಊರಲ್ಲಿ ಡೇವಿಡ್ ಲಾರೆನ್ಸ್ ಚುನಾವಣಾ ಸಭೆಯ ವೇದಿಕೆ ಮೇಲೆ ಕುಸಿದುಬಿದ್ದರು. ಅವರು ಆ ನಗರದ ಮಾಜಿ ಮೇಯರ್, ರಾಜ್ಯದ ಮಾಜಿ ಗವರ್ನರ್. ಅವರನ್ನೂ ಪೊಲೀಸ್ ಗಾಡಿಯಲ್ಲೇ ಸಾಗಿಸಿದರು. ಮಿದುಳಿಗೆ ಆಮ್ಲಜನಕ ಸಾಲದೆ ಹಾನಿಯಾಗಿತ್ತು. ಎರಡೂವರೆ ವಾರದ ನಂತರ ತೀರಿಕೊಂಡರು. ಗವರ್ನರ್ ಆಗಿದ್ದವರ ಗತಿಯೇ ಹೀಗಾದರೆ ಬಡವರ ಪಾಡು ಹೇಗಿತ್ತೆಂದು ಹೇಳಬೇಕಿಲ್ಲ.

ಮಗಳನ್ನು ಕಳೆದುಕೊಂಡ ಡಾಕ್ಟರು

ಪಿಟ್ಸ್‌ಬರ್ಗ್‌ನಲ್ಲಿ ಆಗ ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞರಿದ್ದರು. ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನ ನಿಜಕ್ಕೂ ಕೆಲಸ ಮಾಡುತ್ತದೆಂದು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದವರಲ್ಲಿ ಅವರು ಮುಖ್ಯರು. ಇವತ್ತು ನಾವು ಸಿಪಿಆರ್ ಎನ್ನುವುದರ ಹಿಂದೆ ಅವರ ದುಡಿಮೆ ಇದೆ. ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಅವರಿಗೆ ಖಚಿತವಾಗಿತ್ತು. ಸರಿಯಾಗಿ ಕಲಿಸಿದರೆ ಡಾಕ್ಟರಲ್ಲದವರೂ ಜೀವ ಉಳಿಸಬಲ್ಲರು.

1966ರಲ್ಲಿ ಅವರ ಪುಟ್ಟ ಮಗಳು ಎಲಿಜಬೆತ್ ಅಸ್ತಮಾ ಉಲ್ಬಣಿಸಿ ತೀರಿಕೊಂಡಳು. ಜಗತ್ತಿಗೆಲ್ಲ ಉಸಿರು ಕೊಡುವುದನ್ನು ಕಲಿಸಿದ ತಂದೆಗೆ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಆಸ್ಪತ್ರೆ ತಲುಪುವ ಮುಂಚಿನ ಹೊತ್ತಿನಲ್ಲಿ ಏನು ಮಾಡಬಹುದು ಎಂಬ ಪ್ರಶ್ನೆಯನ್ನು ಅವರು ಆಮೇಲೆ ಬಿಡಲಿಲ್ಲ.

ಅದೇ ಊರಲ್ಲಿ ಫಿಲ್ ಹ್ಯಾಲೆನ್ ಎಂಬವರು ಒಂದು ದತ್ತಿ ನಿಧಿ ನೋಡಿಕೊಳ್ಳುತ್ತಿದ್ದರು. ಹಿಂದೆ ಆಂಬುಲೆನ್ಸ್ ಓಡಿಸಿದ್ದವರು. ಕಪ್ಪು ಜನರಿಗೆ ಉದ್ಯೋಗ ಕೊಡಿಸಲು ಹಿಲ್ ಡಿಸ್ಟ್ರಿಕ್ಟ್‌ನಲ್ಲಿ ‘ಫ್ರೀಡಂ ಹೌಸ್’ ಎಂಬ ಸಂಸ್ಥೆ ಇತ್ತು. 1967ರಲ್ಲಿ ಮೂವರೂ ಕೈಜೋಡಿಸಿದರು. ಹಣ ಹೊಂದಿಸಿದ್ದು ಹ್ಯಾಲೆನ್, ಪಾಠ ಸಾಫರ್ ಅವರದು, ಜನ ಹಿಲ್ ಡಿಸ್ಟ್ರಿಕ್ಟ್‌ನವರು.

ಓದು ಬಿಟ್ಟವರ ಕೈಗೆ ಜೀವ

ಸೇರಿದವರಲ್ಲಿ ಹೈಸ್ಕೂಲು ಮುಗಿಸದವರಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದವರಿದ್ದರು. ಜೈಲು ನೋಡಿ ಬಂದವರೂ ಇದ್ದರು. ‘ಇವರಿಗೆಲ್ಲ ಕೆಲಸ ಮಾಡುವ ಯೋಗ್ಯತೆ ಇಲ್ಲ’ ಎಂದು ಊರು ಬದಿಗಿಟ್ಟಿದ್ದ ಜನ.

ತರಬೇತಿ ಸುಮಾರು 300 ಗಂಟೆ. ಶರೀರ ರಚನೆ, ಉಸಿರಾಟ, ರಕ್ತಸ್ರಾವ, ಹೃದಯದ ತುರ್ತು, ಹೆರಿಗೆ, ಗಾಡಿ ಓಡಿಸುವ ಶಿಸ್ತು. ಪುಸ್ತಕದ ಪಾಠ ಮುಗಿದ ಮೇಲೆ ಆಸ್ಪತ್ರೆಯಲ್ಲಿ ನಿಂತು ಕೈಯಾರೆ ಕಲಿಯಬೇಕಿತ್ತು. ಹೈಸ್ಕೂಲು ಬಿಟ್ಟವರು ಅದಕ್ಕೆ ಸಮನಾದ ಪರೀಕ್ಷೆಯನ್ನೂ ಜೊತೆಗೇ ಕಟ್ಟಿದರು. ಆ ಕಾಲದಲ್ಲಿ ಬೇರೆ ಕಡೆಯ ಆಂಬುಲೆನ್ಸ್ ಚಾಲಕರಿಗೆ ಪ್ರಥಮ ಚಿಕಿತ್ಸೆಯ ಒಂದು ಸಣ್ಣ ಕೋರ್ಸ್ ಆಗಿದ್ದರೆ ಅದೇ ದೊಡ್ಡದು.

1968ರಲ್ಲಿ ಗಾಡಿಗಳು ರಸ್ತೆಗಿಳಿದವು. ಒಳಗೆ ಏನಿರಬೇಕು, ರೋಗಿಯ ತಲೆಯ ಬಳಿ ಕೂರಲು ಜಾಗ ಎಷ್ಟಿರಬೇಕು ಎಂಬುದನ್ನೂ ಸಾಫರ್ ಯೋಚಿಸಿದ್ದರು. ಮೊದಲ ವರ್ಷ ಬಂದ ಕರೆಗಳು ಸುಮಾರು 5,800. ಸಾಫರ್ ಅವರ ಲೆಕ್ಕದಲ್ಲಿ ಆ ವರ್ಷ ಉಳಿದ ಜೀವ 200.

ಜಾನ್ ಮೂನ್ ಎಂಬವರು ಆಗ ಆಸ್ಪತ್ರೆಯೊಂದರಲ್ಲಿ ಆರ್ಡರ್ಲಿ. ರೋಗಿಗಳನ್ನು ಎತ್ತಿ ಇಳಿಸುವ, ಶುಚಿ ಮಾಡುವ ಕೆಲಸ. ಒಂದು ದಿನ ಫ್ರೀಡಂ ಹೌಸ್‌ನ ಇಬ್ಬರು ಕಪ್ಪು ಯುವಕರು ರೋಗಿಯನ್ನು ಕರೆದೊಯ್ಯಲು ಬಂದರು. ಅವರ ನಡೆ, ಮಾತು, ಕೆಲಸದ ಮೇಲಿನ ಹಿಡಿತ ನೋಡಿ ತಾನೂ ಹೀಗಾಗಬೇಕು ಎಂದು ಮೂನ್ ನಿರ್ಧರಿಸಿದರು. ಕಲಿತರು, ಸೇರಿದರು. ರಸ್ತೆಯಲ್ಲೇ ರೋಗಿಯ ಗಂಟಲಿಗೆ ನಳಿಕೆ ಇಳಿಸುವ ಮಟ್ಟಕ್ಕೆ ಬೆಳೆದರು. ಅದು ಅಲ್ಲಿಯವರೆಗೆ ಡಾಕ್ಟರುಗಳಷ್ಟೇ ಮಾಡುವ ಕೆಲಸವಾಗಿತ್ತು.

ಈ ಪ್ರಯತ್ನ ಪಿಟ್ಸ್‌ಬರ್ಗ್‌ನಲ್ಲಿ ಮಾತ್ರ ನಡೆದದ್ದಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಡಾ. ಫ್ರ್ಯಾಂಕ್ ಪ್ಯಾಂಟ್ರಿಜ್ 1966ರಲ್ಲೇ ಶಾಕ್ ಕೊಡುವ ಯಂತ್ರವನ್ನು ಆಂಬುಲೆನ್ಸ್‌ಗೆ ಹತ್ತಿಸಿದ್ದರು. ಮಯಾಮಿ, ಲಾಸ್ ಏಂಜಲಿಸ್ ನಗರಗಳಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ತರಬೇತಿ ಕೊಟ್ಟರು. ಪ್ಯಾರಾಮೆಡಿಕ್‌ಗಳಿಗೆ ಕಾನೂನಿನ ಬಲ ಕೊಡುವ ಕಾಯ್ದೆ 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂತು. ಆದರೆ ಶಾಲೆ ಬಿಟ್ಟ, ಕೆಲಸವಿಲ್ಲದ ಜನರನ್ನು ಹುಡುಕಿ ತಂದು ಈ ಎತ್ತರಕ್ಕೆ ಏರಿಸಿದ್ದರಲ್ಲಿ ಫ್ರೀಡಂ ಹೌಸ್ ಎದ್ದು ಕಾಣುತ್ತದೆ.

ಏಣಿಗೆ ಮೆಟ್ಟಿಲು ಬಿದ್ದದ್ದು

ಇತ್ತ ದೇಶಕ್ಕೆಲ್ಲ ಒಂದೇ ಅಳತೆ ಬೇಕೆಂಬ ಮಾತು ಬಲವಾಯಿತು. 1970ರಲ್ಲಿ ತುರ್ತು ಸಿಬ್ಬಂದಿಯ ರಾಷ್ಟ್ರೀಯ ನೋಂದಣಿ ಸಂಸ್ಥೆ ಹುಟ್ಟಿತು. 1971ರಲ್ಲಿ ಮೊದಲ ಪರೀಕ್ಷೆಗೆ 1,520 ಆಂಬುಲೆನ್ಸ್ ಸಿಬ್ಬಂದಿ ಕೂತರು. ಅದು ಮೂಲ ಹಂತ, ಅಂದರೆ ಇಎಂಟಿ. ಅದಕ್ಕೆ ಕೇಂದ್ರ ಸಾರಿಗೆ ಇಲಾಖೆ ರೂಪಿಸಿದ್ದ ಪಾಠ 81 ಗಂಟೆಯದು. ಮೇಲಿನ ಹಂತವಾದ ಪ್ಯಾರಾಮೆಡಿಕ್‌ಗೆ ಏನು ಕಲಿಸಬೇಕು ಎಂಬುದು ಇನ್ನೂ ಬಾಕಿ ಇತ್ತು.

ಆ ಪಠ್ಯಕ್ರಮ ಬರೆಯುವ ಹೊಣೆ ಪಿಟ್ಸ್‌ಬರ್ಗ್‌ಗೆ ಬಂತು. ಬರೆದವರು ಡಾ. ನ್ಯಾನ್ಸಿ ಕ್ಯಾರೊಲಿನ್. 1970ರ ದಶಕದ ನಡುವಿನಲ್ಲಿ ಅವರು ಫ್ರೀಡಂ ಹೌಸ್‌ನ ವೈದ್ಯಕೀಯ ನಿರ್ದೇಶಕಿಯಾಗಿದ್ದರು. ಕುರ್ಚಿಯಲ್ಲಿ ಕೂತು ಬರೆದದ್ದಲ್ಲ. ಸಿಬ್ಬಂದಿಯ ಜೊತೆ ತಾವೂ ಗಾಡಿ ಹತ್ತಿದರು, ರೇಡಿಯೊದಲ್ಲಿ ಮಾರ್ಗದರ್ಶನ ಕೊಟ್ಟರು, ತಪ್ಪಿದಾಗ ತಿದ್ದಿದರು. ಹೊಸ ಪಾಠಗಳನ್ನು ಮೊದಲು ಕಲಿತು, ರಸ್ತೆಯಲ್ಲಿ ಮಾಡಿ ತೋರಿಸಿದವರು ಫ್ರೀಡಂ ಹೌಸ್‌ನವರು. ದೇಶದ ಪ್ಯಾರಾಮೆಡಿಕ್ ಪಠ್ಯಕ್ರಮಕ್ಕೆ ತಳಪಾಯವಾದದ್ದು ಅದೇ. ಕ್ಯಾರೊಲಿನ್ ಅವರ ಪಠ್ಯಪುಸ್ತಕ 1979ರಲ್ಲಿ ಬಂತು. ಅದರ ಹೊಸ ಆವೃತ್ತಿಗಳನ್ನು ಈಗಲೂ ಓದುತ್ತಾರೆ.

ಏರಿಸಿದವರನ್ನೇ ಇಳಿಸಿದ್ದು

ಸೇವೆ ಚೆನ್ನಾಗಿದೆ ಎಂದು ಕಂಡ ಮೇಲೆ ನಗರದ ಬೇರೆ ಬಡಾವಣೆಗಳೂ ಅಂಥದ್ದನ್ನೇ ಕೇಳಿದವು. ಫ್ರೀಡಂ ಹೌಸನ್ನೇ ವಿಸ್ತರಿಸಬಹುದಿತ್ತು. ನಗರಾಡಳಿತ ಹಾಗೆ ಮಾಡದೆ ತನ್ನದೇ ಆಂಬುಲೆನ್ಸ್ ಸೇವೆ ಶುರು ಮಾಡಿತು. 1975ರ ಅಕ್ಟೋಬರ್‌ನಲ್ಲಿ ಫ್ರೀಡಂ ಹೌಸ್ ಬಾಗಿಲು ಮುಚ್ಚಿತು.

ಹಳೆಯ ಸಿಬ್ಬಂದಿಯನ್ನು ಸೇರಿಸಿಕೊಳ್ಳಲೇಬೇಕು ಎಂದು ಕ್ಯಾರೊಲಿನ್ ಹಟ ಹಿಡಿದರು. ಸೇರಿಸಿಕೊಂಡದ್ದೂ ಹೌದು. ಆದರೆ ಒಟ್ಟಿಗಿದ್ದ ತಂಡವನ್ನು ಒಡೆದು ಹಂಚಿದರು. ಹೊಸಬರಾದ ಬಿಳಿಯರು ಮೇಲಿನವರಾದರು. ವರ್ಷಗಟ್ಟಲೆ ಜೀವ ಉಳಿಸಿದವರಿಗೆ ಬರೀ ಸಾಮಾನು ಹೊರುವ ಕೆಲಸ ಬಂತು. ಹೊಸ ಹೊಸ ಪರೀಕ್ಷೆ ಇಟ್ಟರು, ಹಳೆಯ ಕೇಸುಗಳನ್ನು ಕೆದಕಿದರು. ಒಬ್ಬೊಬ್ಬರೇ ಹೊರಬಿದ್ದರು. ಹತ್ತಿದ ಏಣಿಯನ್ನು ಒದೆಯುವುದು ಅಂತ ನಾವು ಹೇಳುತ್ತೇವಲ್ಲ, ಇಲ್ಲಿ ನಗರವೇ ಆ ಕೆಲಸ ಮಾಡಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. 1967ರಲ್ಲೂ ಪರೀಕ್ಷೆ ಇತ್ತು, 1975ರಲ್ಲೂ ಇತ್ತು. ಮೊದಲ ಪರೀಕ್ಷೆಯ ಹಿಂದೆ ಕಲಿಸುವ ಮನಸ್ಸಿತ್ತು. ಪಾಸಾಗುವವರೆಗೆ ಕೈಹಿಡಿದು ನಡೆಸಿದರು. ಎರಡನೆಯದು ಜರಡಿ ಹಿಡಿಯುವ ಪರೀಕ್ಷೆ.

ಜಾನ್ ಮೂನ್ ಉಳಿದುಕೊಂಡವರಲ್ಲಿ ಒಬ್ಬರು. ಅದೇ ನಗರ ಸೇವೆಯಲ್ಲಿ ಸಹಾಯಕ ಮುಖ್ಯಸ್ಥರ ಹುದ್ದೆವರೆಗೆ ಏರಿ 2009ರಲ್ಲಿ ನಿವೃತ್ತರಾದರು. ಫ್ರೀಡಂ ಹೌಸ್‌ನ ಕಥೆಯನ್ನು ಮರೆಯಲು ಬಿಡದೆ ಹೇಳುತ್ತ ಬಂದವರು ಅವರು.

ಈಗಿನ ನಾಲ್ಕು ಮೆಟ್ಟಿಲು

ಅಮೆರಿಕದಲ್ಲಿ ಈಗ ಮೊದಲ ಮೆಟ್ಟಿಲಲ್ಲಿ ಸ್ಥಳಕ್ಕೆ ಮೊದಲು ತಲುಪುವವರು. ರಕ್ತ ನಿಲ್ಲಿಸುವುದು, ಸಿಪಿಆರ್ ಅವರ ಕೆಲಸ. ಎರಡನೆಯದು ಇಎಂಟಿ: ಆಮ್ಲಜನಕ ಕೊಡುವುದು, ಮುರಿದ ಮೂಳೆಗೆ ಪಟ್ಟಿ, ತುರ್ತು ಹೆರಿಗೆ. ಮೂರನೆಯದು ಮೇಲ್ದರ್ಜೆಯ ಇಎಂಟಿ: ಡ್ರಿಪ್ ಹಾಕುವುದು, ಕೆಲವು ಔಷಧ ಕೊಡುವುದು. ನಾಲ್ಕನೆಯದು ಪ್ಯಾರಾಮೆಡಿಕ್, ಇದಕ್ಕೆ ಸಾವಿರ ಗಂಟೆಗೂ ಹೆಚ್ಚು ಕಲಿಯಬೇಕು. ರಾಷ್ಟ್ರೀಯ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಳಗಿನ ಮೆಟ್ಟಿಲಲ್ಲಿ ದುಡಿಯುತ್ತ ಮೇಲಿನದಕ್ಕೆ ಓದಬಹುದು.

ನಮ್ಮಲ್ಲಿ 108 ಸೇವೆ ಮೊದಲು ಹೈದರಾಬಾದ್‌ನಲ್ಲಿ 2005ರಲ್ಲಿ ಶುರುವಾಯಿತು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಲ್ಲಿ ಬಂದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಗಾಡಿಯಲ್ಲಿ ಇಬ್ಬರು: ಪೈಲಟ್ ಎಂದು ಕರೆಯುವ ಚಾಲಕ, ಹಿಂದೆ ರೋಗಿಯ ಜೊತೆ ಇಎಂಟಿ. ಊರಿನ ಎಷ್ಟೋ ತಾಯಂದಿರ ಹೆರಿಗೆ ನೋಡಿಕೊಂಡವರು ಈ ಇಎಂಟಿಗಳೇ.

2021ರಲ್ಲಿ ಸಂಸತ್ತು ವೈದ್ಯಕೀಯ ಪೂರಕ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಪ್ಯಾರಾಮೆಡಿಕ್ ಎಂಬ ಹೆಸರು ಪ್ರತ್ಯೇಕವಾಗಿ ಇದೆ. ಆದ್ದರಿಂದ ಮಗನನ್ನೋ ಮಗಳನ್ನೋ ‘ಪ್ಯಾರಾಮೆಡಿಕಲ್’ಗೆ ಸೇರಿಸುವ ಮುಂಚೆ ನೇರವಾಗಿ ಕೇಳಿ: ಇದು ಯಾವ ಕೋರ್ಸು? ಲ್ಯಾಬಿನದೋ ಆಂಬುಲೆನ್ಸಿನದೋ? ಮಾನ್ಯತೆ ಯಾರದು? ಇದಾದ ಮೇಲೆ ಹತ್ತಲು ಮುಂದಿನ ಮೆಟ್ಟಿಲು ಯಾವುದು?

ಕೊನೆಯ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಬೇಕು. ರಾತ್ರಿ ಎರಡು ಗಂಟೆಗೆ ನಮ್ಮ ಓಣಿಗೆ ಬರುವ ಇಎಂಟಿ ಹತ್ತು ವರ್ಷ ದುಡಿದ ಮೇಲೂ ಅದೇ ಮೆಟ್ಟಿಲಲ್ಲಿ ನಿಲ್ಲಬೇಕೇ, ಅಥವಾ ದುಡಿಯುತ್ತಲೇ ಓದಿ ಮೇಲೇರುವ ದಾರಿ ಅವರಿಗಿದೆಯೇ? ಹೈಸ್ಕೂಲು ಬಿಟ್ಟವರನ್ನೂ ಮೇಲೇರಿಸಬಹುದು ಎಂದು ಪಿಟ್ಸ್‌ಬರ್ಗ್‌ನ ಒಂದು ಬಡ ಕೇರಿ ಐವತ್ತು ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟಿದೆ.